ಸಹಾಯ ಬೇಕು: ಅಮ್ಮನ ಜೊತೆ ನೋಡುವಂಥ ಹೊರದೇಶದ ಸಿನಿಮಾ ಡಿವಿಡಿ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ಕಡೆ ತೋಟದ ಮನೆ. ಮಳೆ ಹಿಡಿದರೆ ನೆಟ್‌ವರ್ಕ್ ಸತ್ತ ಹಾಗೇ. ಅದಕ್ಕೇ ಹಳೇ ಡಿವಿಡಿ ಪ್ಲೇಯರ್ ಧೂಳು ಕೊಡವಿ ಇಟ್ಟುಕೊಂಡಿದ್ದೇವೆ.

ಹೋದ ವಾರ ಮಜೀದ್ ಮಜೀದಿಯವರ ಇರಾನಿ ಸಿನಿಮಾ ‘ಚಿಲ್ಡ್ರನ್ ಆಫ್ ಹೆವನ್’ (1997) ಹಾಕಿದ್ದೆ. ಅಣ್ಣ-ತಂಗಿ ಒಂದೇ ಜೊತೆ ಶೂ ಹಂಚಿಕೊಂಡು ಶಾಲೆಗೆ ಹೋಗುವ ಕಥೆ. ಶೂ ಚರಂಡಿಗೆ ಬಿದ್ದು ತೇಲಿ ಹೋಗುವಾಗ ಅಮ್ಮ ಸುಲಿಯುತ್ತಿದ್ದ ಹಲಸಿನ ಬೀಜ ಕೈಯಲ್ಲೇ ಉಳಿಯಿತು. ‘ಅಯ್ಯೋ, ಹಿಡ್ಕೊಳೇ ಪುಟ್ಟಿ’ ಅಂದೇಬಿಟ್ಟರು!

ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ. ನಾನೇ ಪಕ್ಕದಲ್ಲಿ ಕೂತು ಹೇಳಬೇಕು. ಹಾಗಾಗಿ ಮಾತು ಕಮ್ಮಿ ಇರುವ ಒಳ್ಳೆ ಸಿನಿಮಾ ಯಾವುದಿದೆ, ಹೇಳ್ತೀರಾ? ನಾಯಿ ಸಾಯುವ ಕಥೆ ಮಾತ್ರ ಬೇಡ.

ಇನ್ನೊಂದು ತಲೆನೋವು. ಭಾವ ಅಮೆರಿಕದಿಂದ ತಂದ ಡಿಸ್ಕ್‌ಗಳು ಓಡುತ್ತಿಲ್ಲ. ಅವು ರೀಜನ್ 1 (ಯಾವ ಭಾಗದ ಪ್ಲೇಯರ್‌ನಲ್ಲಿ ಓಡುತ್ತೆ ಅಂತ ಡಿಸ್ಕ್‌ಗೆ ಹಾಕಿರುವ ಕೋಡ್), ನಮ್ಮ ಪ್ಲೇಯರ್ ರೀಜನ್ 5. ಎಲ್ಲ ರೀಜನ್ ಓಡಿಸುವ ಪ್ಲೇಯರ್ ಚಿಕ್ಕಮಗಳೂರಲ್ಲೋ ಹಾಸನದಲ್ಲೋ ಸಿಗುತ್ತಾ? ಸೆಕೆಂಡ್ ಹ್ಯಾಂಡ್ ಆದರೂ ಸರಿ.

ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಡಿಸ್ಕ್ ಯಾರ ಹತ್ತಿರವಾದರೂ ಇದ್ದರೆ ಎರಡು ದಿನಕ್ಕೆ ಕೊಡಿ. ವಾಪಸ್ ಬರುವಾಗ ಅದರ ಜೊತೆ ಮನೆ ಕಾಫಿ ಪುಡಿಯೂ ಬರುತ್ತೆ.