ಹಿತ್ತಲ ಸೊಪ್ಪಿನ ಪುಡಿ ಗಂಟು ಕಟ್ಟುವುದೇಕೆ?

ಪ್ರಶ್ನೆ (ಸಾಗರದಿಂದ): ನಮಸ್ಕಾರ ಮೇಡಂ. ನಮ್ಮ ಹಿತ್ತಲಿನಲ್ಲಿ ನುಗ್ಗೆ, ತುಳಸಿ, ದೊಡ್ಡಪತ್ರೆ ಹೇರಳವಾಗಿವೆ. ತಾರಸಿಯ ಬಿಸಿಲಿನಲ್ಲಿ ಒಣಗಿಸಿ ಮಿಕ್ಸಿಯಲ್ಲಿ ಪುಡಿ ಮಾಡಿಟ್ಟೆ. ನುಗ್ಗೆ ಪುಡಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಕೆಲವೇ ವಾರಗಳಲ್ಲಿ ಗಂಟು ಕಟ್ಟಿ, ಈಗ ಮುಗ್ಗಲು ವಾಸನೆ ಬರುತ್ತಿದೆ. ದೊಡ್ಡಪತ್ರೆ ಒಣಗುವ ಮೊದಲೇ ಕಪ್ಪಾಯಿತು. ಪುಡಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು ಬಳಸಬಹುದೇ?

ಉತ್ತರ (ಆಯುರ್ವೇದ ವೈದ್ಯೆ, ಭೈಷಜ್ಯ ಕಲ್ಪನಾ ಅಂದರೆ ಔಷಧ ತಯಾರಿಕೆಯ ವಿಭಾಗ): ಬೇಡ, ದಯವಿಟ್ಟು ಎಸೆದುಬಿಡಿ. ಹುರಿದರೆ ಬೂಷ್ಟು ಸಾಯಬಹುದು, ಆದರೆ ಕೆಲವು ಬೂಷ್ಟುಗಳು ಉಂಟುಮಾಡುವ ವಿಷ ಬಾಣಲೆಯ ಬಿಸಿಗೆ ನಾಶವಾಗುವುದಿಲ್ಲ.

ನಿಮ್ಮ ಪುಡಿಯಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಬಣ್ಣ ಹೋಗಿದ್ದು ನೇರ ಬಿಸಿಲಿನಿಂದ. ಹಸಿರಿನ ಜೊತೆಗೆ, ನುಗ್ಗೆಯಲ್ಲಿ ನಾವು ಬಯಸುವ ಬೀಟಾ ಕ್ಯಾರೋಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ಅಂಶ) ಕೂಡ ಬಿಸಿಲಿಗೆ ನಾಶವಾಗುತ್ತದೆ. ಗಂಟು ಕಟ್ಟಿದ್ದು ಉಳಿದ ತೇವದಿಂದ. ನುಗ್ಗೆಯ ಎಲೆ ಬೇಗ ಗರಿಗರಿಯಾಗುತ್ತದೆ, ಕಡ್ಡಿ ಮಾತ್ರ ಒಳಗೆ ಹಸಿಯಾಗಿಯೇ ಇರುತ್ತದೆ. ಎರಡನ್ನೂ ಸೇರಿಸಿ ಅರೆದರೆ ಕಡ್ಡಿಯ ನೀರು ಇಡೀ ಪುಡಿಗೆ ಹರಡುತ್ತದೆ. ಆದ್ದರಿಂದ ಮೊದಲೇ ಎಲೆ ಬಿಡಿಸಿಕೊಳ್ಳಿ.

ತೊಳೆದು, ನೀರು ಬಸಿದು, ಹಗ್ಗದ ಮಂಚದ ಮೇಲೆ ಹಳೆಯ ಬಿಳಿ ಪಂಚೆ ಹಾಸಿ ತೆಳುವಾಗಿ ಹರಡಿ. ಕೆಳಗಿನಿಂದಲೂ ಗಾಳಿ ಆಡಬೇಕು. ಗಾಳಿ ಚೆನ್ನಾಗಿ ಬೀಸುವ ನೆರಳು ಸಾಕು, ಮೊದಲ ದಿನ ಫ್ಯಾನ್ ಹಾಕಿದರೆ ಇನ್ನೂ ಒಳ್ಳೆಯದು. ನುಗ್ಗೆ ಎಲೆಯಲ್ಲಿ ಮುಕ್ಕಾಲು ಪಾಲು ನೀರೇ ಇರುವುದರಿಂದ, ಬಿಡಿಸಿದ ಒಂದು ಕಿಲೋ ಎಲೆ ಒಣಗಿದ ಮೇಲೆ 300 ಗ್ರಾಂಗಿಂತ ಹೆಚ್ಚು ತೂಗಿದರೆ ಕೆಲಸ ಮುಗಿದಿಲ್ಲವೆಂದು ತಿಳಿಯಿರಿ. ನಾನು ನಂಬುವ ಪರೀಕ್ಷೆ ಇನ್ನೊಂದು: ಒಣ ಎಲೆಯನ್ನು ಗಾಜಿನ ಬಾಟಲಿಯಲ್ಲಿ ತುಂಬಿ ಒಂದು ದಿನ ಮುಚ್ಚಿಡಿ. ಒಳಗೋಡೆಯಲ್ಲಿ ಮಂಜು ಕಟ್ಟಿದರೆ, ಅಥವಾ ಎಲೆ ಮತ್ತೆ ಮೆತ್ತಗಾದರೆ, ಮರಳಿ ಹರಡಿ.

ಇಷ್ಟಾದ ಮೇಲೂ ಎಲ್ಲವನ್ನೂ ಒಮ್ಮೆಗೇ ಪುಡಿ ಮಾಡಬೇಡಿ. ಚೂರ್ಣವು ಎರಡು ತಿಂಗಳಿನ ನಂತರ ವೀರ್ಯ, ಅಂದರೆ ಔಷಧದ ಶಕ್ತಿ, ಕಳೆದುಕೊಳ್ಳುತ್ತದೆ, ಪುಡಿ ಮಾಡದ ಮೂಲಿಕೆಯಾದರೆ ಒಂದು ವರ್ಷದ ತನಕ ಗುಣ ಉಳಿಸಿಕೊಳ್ಳುತ್ತದೆ ಎಂದು ಆಯುರ್ವೇದದ ಹಳೆಯ ಗ್ರಂಥವಾದ ಶಾರ್ಙ್ಗಧರ ಸಂಹಿತೆ ಹೇಳುತ್ತದೆ. ಇಂದಿಗೂ ಅದು ಸರಿಯಾದ ಮಾತು. ಅರೆದ ಕ್ಷಣದಿಂದ ಎಲೆಯ ಒಳಭಾಗವೆಲ್ಲ ಗಾಳಿಗೆ ತೆರೆದುಕೊಳ್ಳುತ್ತದೆ, ತುಳಸಿಯ ಪರಿಮಳ ತೈಲ ಹಾರಿಹೋಗುತ್ತದೆ. ಎಲೆಯನ್ನು ಇಡಿಯಾಗಿ ಕತ್ತಲೆಯಲ್ಲಿಡಿ, ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಅರೆಯಿರಿ.

ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಜಾರ್ ಬಿಸಿಯಾಗಬಾರದು. ತೆಳು ಬಟ್ಟೆಯಲ್ಲಿ ಸೋಸಿ (ಇದನ್ನೇ ವಸ್ತ್ರಗಾಳಿತ ಎನ್ನುವುದು), ತಟ್ಟೆಯಲ್ಲಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿ ಪುಡಿಗೆ ಮುಚ್ಚಳ ಹಾಕಿದರೆ ಅದರ ಆವಿಯೇ ಅದನ್ನು ಕೆಡಿಸುತ್ತದೆ.

ದೊಡ್ಡಪತ್ರೆಯನ್ನು ಒಣಗಿಸುವ ಆಸೆ ಬಿಡಿ. ಎಲೆ ದಪ್ಪ, ರಸ ತುಂಬಿದ್ದು. ಅದು ಒಣಗುವಷ್ಟರಲ್ಲಿ ಪರಿಮಳ ಬಹುಪಾಲು ಹೋಗಿರುತ್ತದೆ. ಗಿಡ ವರ್ಷವಿಡೀ ಚಿಗುರುವಾಗ ತಾಜಾ ಎಲೆಯ ತಂಬುಳಿಗೆ ಸಾಟಿಯಿಲ್ಲ.

ಪ್ರಶ್ನೆ (ಉಡುಪಿಯಿಂದ): ಮಳೆಗಾಲದಲ್ಲಿ ಏನು ಮಾಡುವುದು ಮೇಡಂ? ಅಟ್ಟದ ಮೇಲೆ, ಒಲೆಯ ಹೊಗೆಗೆ ಇಡಬಹುದೇ?

ಉತ್ತರ: ಹೊಗೆಯ ವಾಸನೆ ಎಲೆಗೆ ಹತ್ತಿದರೆ ಬಿಡುವುದಿಲ್ಲ. ಒಣಗಿಸುವ ಯಂತ್ರವಿದ್ದರೆ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಡಿ. ಇಲ್ಲದಿದ್ದರೆ ಆಷಾಢ, ಶ್ರಾವಣದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಕರಾವಳಿಯ ಆ ಗಾಳಿಯಲ್ಲಿ ಎಲೆ ಒಣಗುವುದಕ್ಕಿಂತ ಮೊದಲೇ ಬೂಷ್ಟು ಹಿಡಿಯುತ್ತದೆ. ಮಳೆ ನಿಂತ ಮೇಲೆ, ಇಬ್ಬನಿ ಆರಿದ ಹೊತ್ತಿನಲ್ಲಿ ಎಲೆ ಕೊಯ್ಯಿರಿ.

ಪ್ರಶ್ನೆ (ಸಾಗರದಿಂದ): ಧನ್ಯವಾದಗಳು ಮೇಡಂ. ಅತ್ತೆಯವರು ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರಿಗೆ ನುಗ್ಗೆ ಪುಡಿ ಕೊಡಬಹುದೇ?

ಉತ್ತರ: ಅವರ ವೈದ್ಯರನ್ನು ಕೇಳದೆ ಕೊಡಬೇಡಿ. ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ಕೆ, ವಾರ್ಫರಿನ್‌ನಂತಹ ಮಾತ್ರೆಯ ಪ್ರಭಾವವನ್ನು ತಗ್ಗಿಸುತ್ತದೆ. ಪುಡಿಯಲ್ಲಂತೂ ಒಂದು ಚಮಚದಲ್ಲಿ ಹಿಡಿಗಟ್ಟಲೆ ಸೊಪ್ಪು ಅಡಗಿರುತ್ತದೆ. ಮಾತ್ರೆಯ ಚೀಟಿಯನ್ನು ಜೊತೆಗೆ ಒಯ್ದು, ಪ್ರತಿದಿನ ಎಷ್ಟು ಕೊಡಬೇಕೆಂದುಕೊಂಡಿದ್ದೀರಿ ಎಂಬುದನ್ನೂ ವೈದ್ಯರಿಗೆ ಹೇಳಿ.