ಅಪ್‌ಡೇಟ್: ತಮ್ಮನ ಎಲ್‌ಡಿಎಲ್ 238, ಬೆಣ್ಣೆ ದೋಸೆಯದ್ದೊಂದೇ ಕಥೆ ಅಲ್ಲ

ತೆಳ್ಳಗಿರುವ ತಮ್ಮನಿಗೆ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 238 ಯಾಕೆ, ಬೆಣ್ಣೆ ದೋಸೆ ಬಿಟ್ಟರೆ ಸಾಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ದಾವಣಗೆರೆಯಲ್ಲೇ ಹೃದಯದ ಡಾಕ್ಟರಿಗೆ ತೋರಿಸಿದೆವು. ಅವರು ರಿಪೋರ್ಟ್ ಪಕ್ಕಕ್ಕಿಟ್ಟು ಮೊದಲು ಇವನ ಹಿಮ್ಮಡಿಯ ಹಿಂಭಾಗ ಒತ್ತಿ ನೋಡಿದರು. ಅಲ್ಲೊಂದು ಗಟ್ಟಿ ಗಂಟು. ಚಪ್ಪಲಿ ಉಜ್ಜಿ ಆಗಿದ್ದು ಅಂತ ಮನೆಯವರೆಲ್ಲ ಸುಮ್ನಿದ್ದೆವು. ಅದು ಕೊಲೆಸ್ಟ್ರಾಲ್ ಕೂತಿರುವುದಂತೆ! ಆಮೇಲೆ ಅಪ್ಪನ ವಿಷಯ ಕೇಳಿದರು. ಅಪ್ಪನಿಗೆ 44ಕ್ಕೇ ಹಾರ್ಟ್ ಅಟ್ಯಾಕ್ ಆಗಿತ್ತು. ಥೈರಾಯ್ಡ್‌ನಿಂದ ಏರಿದ್ದಲ್ಲ ಅಂತಲೂ ನೋಡಿಕೊಂಡು, ಇದು ವಂಶದಲ್ಲಿ ಬಂದಿದ್ದು ಅಂದರು.

ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವುದು ಹೆಚ್ಚಾಗಿ ಲಿವರ್ ಕೆಲಸ. ಜೀನ್ ದೋಷ ಇದ್ದರೆ ಅದು ಸರಿಯಾಗಿ ನಡೆಯುವುದಿಲ್ಲ. ಹುಟ್ಟಿನಿಂದಲೇ ಜಾಸ್ತಿ ಇರುವುದರಿಂದ ಹೃದಯದ ರಕ್ತನಾಳ ಬೇಗ ಕಟ್ಟಿಕೊಳ್ಳುತ್ತದೆ. ಪಥ್ಯ ಬೇಕು, ಅದೊಂದೇ ಸಾಲದು. ಸ್ಟಾಟಿನ್ ಜೊತೆ ಎಜೆಟಿಮೈಬ್ ಕೊಟ್ಟಿದ್ದಾರೆ, ಎರಡೂ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ. ಈಗ 121, ಸದ್ಯಕ್ಕೆ 100ರ ಒಳಗೆ ತರಬೇಕಂತೆ.

ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ 50%. ನನ್ನದು ನಾರ್ಮಲ್. ಅವನ ಮಗಳ ರಕ್ತ ಪರೀಕ್ಷೆ ಬಾಕಿ ಇದೆ. "ಕೂಸಿಗೆ ಸೂಜಿ ಯಾಕ್ರೋ" ಅಂತ ಅಮ್ಮನ ಗಲಾಟೆ ನಡೆದಿದೆ.

ನಾರ್ಮಲ್‌ಗೆ ಬಂದಮೇಲೆ ಮಾತ್ರೆ ಬಿಡಬಹುದಾ ಅಂತ ಕೆಲವರು ಕೇಳಿದ್ದರಲ್ವಾ? ಬಿಡೋ ಹಾಗಿಲ್ಲ, ಬಿಟ್ಟರೆ ಮತ್ತೆ ಏರುತ್ತದೆ.