ಕ್ಷಯ ರೋಗಿಗಳಿಗೆ ಆಹಾರ ಕಿಟ್: ಎರಡನೆಯ ತಿಂಗಳು ಬರುವವರು ಯಾರು?

ಮುಂಡರಗಿಯ ನಿವೃತ್ತ ಆರೋಗ್ಯ ಸಹಾಯಕಿ
ಗದಗ ಜಿಲ್ಲೆಯ ಹಳ್ಳಿ, ತಾಂಡಾಗಳಲ್ಲಿ 31 ವರ್ಷ ಓಡಾಡಿದವಳು ನಾನು. ಕಳೆದ ಚಳಿಗಾಲದಲ್ಲಿ ಒಂದು ಸೇವಾ ಕ್ಲಬ್‌ನವರು ನಮ್ಮ ಕಡೆ ಬಂದು, ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ, ಹನ್ನೊಂದು ಕ್ಷಯ ರೋಗಿಗಳಿಗೆ ಆಹಾರ ಕಿಟ್ ಹಂಚಿದರು. ಕಿಟ್ ಚೆನ್ನಾಗಿಯೇ ಇತ್ತು: ಅಕ್ಕಿ, ತೊಗರಿಬೇಳೆ, ಶೇಂಗಾ, ಬೆಲ್ಲ, ಎಣ್ಣೆ. ಫೋಟೊ ತೆಗೆಯುವಾಗ ಸಾಲಿನ ಕೊನೆಯಲ್ಲಿದ್ದ ಹುಡುಗಿ ಓಢಣಿಯನ್ನು ಮೂಗಿನ ಮೇಲೆ ಎಳೆದುಕೊಂಡಳು. ‘ಮುಖ ಕಾಣಲಿ ತಂಗಿ’ ಎಂದು ಒಬ್ಬರು ಓಢಣಿ ಸರಿಸಲು ಹೇಳಿದರು. ಅವಳಿಗೆ ಆಗ ವರ ನೋಡುತ್ತಿದ್ದರು. ಸಂಜೆಯೊಳಗೆ ಆ ಚಿತ್ರ ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿತ್ತು. ಎರಡನೆಯ ತಿಂಗಳು ಕಿಟ್ ಬರಲಿಲ್ಲ. ಆ ಹುಡುಗಿ ಗುಳಿಗೆಗೂ ಬರಲಿಲ್ಲ.

ಕ್ಲಬ್‌ಗಳು ಬರಬಾರದು ಎಂದು ನಾನು ಹೇಳುವುದಿಲ್ಲ. ಬರುವುದಾದರೆ ಹೇಗೆ ಬರಬೇಕು? ಬಲ್ಲವರು ಹೇಳಿ.

ಹುಬ್ಬಳ್ಳಿಯ ಕ್ಲಬ್ ಸದಸ್ಯ
ಅಕ್ಕಾವರೇ, ಓದಿ ಸಂಕಟವಾಯಿತು. ನಮ್ಮದು ಬೇರೆ ಕ್ಲಬ್, ಆದರೂ ಆ ಫೋಟೊಗೆ ಸಮರ್ಥನೆ ಇಲ್ಲ. ಹಾಗೆಂದು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ದುರ್ಗದಬೈಲಿನಲ್ಲಿ ಅಂಗಡಿ ಇಟ್ಟವನು ನಾನು. ಭಾನುವಾರ ಮನೆಯವರನ್ನು ಬಿಟ್ಟು ಶಿಬಿರಕ್ಕೆ ಹೋಗುತ್ತೇನೆ. ರೋಟರಿ 1985ರಲ್ಲಿ ಪೋಲಿಯೊ ಕೆಲಸ ಹಿಡಿದಾಗ ಅದು ಮುಗಿಯುತ್ತದೆ ಎಂದು ಎಷ್ಟು ಜನ ನಂಬಿದ್ದರು? ನಮ್ಮ ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು, 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಲಯನ್ಸ್‌ನವರು 1990ರಿಂದ ಕುರುಡುತನ ತಡೆಯಲು ಹಣ ಕೂಡಿಸುತ್ತಿದ್ದಾರೆ. ಇನ್ನು ಫೋಟೊ ವಿಷಯ: ಹಣ ಕೊಟ್ಟವರು ಲೆಕ್ಕ ಕೇಳುತ್ತಾರೆ. ಏನನ್ನೂ ತೋರಿಸದಿದ್ದರೆ ಮುಂದಿನ ವರ್ಷ ಯಾರೂ ಕೈ ಬಿಚ್ಚುವುದಿಲ್ಲ.

ಹಾವೇರಿಯ ಶಿಕ್ಷಕಿ
ಸರ್, ಪೋಲಿಯೊ ಮಾತು ನೀವೇ ತೆಗೆದಿರಿ, ಒಳ್ಳೆಯದಾಯಿತು. ನಾನು ಎಷ್ಟೋ ವರ್ಷ ಬೂತಿನಲ್ಲಿ ಕುಳಿತವಳು. ಭಾನುವಾರದ ಬೂತನ್ನು ಎಲ್ಲರೂ ನೋಡಿದ್ದಾರೆ. ಕ್ಲಬ್‌ನವರು ತಂದ ಚಹಾ, ಅವಲಕ್ಕಿ ನನಗೂ ನೆನಪಿದೆ. ಸೋಮವಾರದಿಂದ ನಡೆಯುತ್ತಿದ್ದ ಕೆಲಸವನ್ನು ನೋಡಿದವರು ಕಡಿಮೆ. ಮನೆಮನೆಗೆ ಹೋಗಿ ಮಗುವಿನ ಎಡಗೈ ಕಿರುಬೆರಳಿನ ಮಸಿ ನೋಡಬೇಕು. ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಬಾಗಿಲ ಪಕ್ಕ ಸೀಮೆಸುಣ್ಣದಿಂದ ‘ಪಿ’ ಅಕ್ಷರ, ಒಂದು ಮಗು ತಪ್ಪಿದ್ದರೂ ‘ಎಕ್ಸ್’ ಗುರುತು. ಆ ‘ಎಕ್ಸ್’ ಇದ್ದ ಮನೆಗೆ ಮತ್ತೆ ಹೋಗಬೇಕು. ಬೀಗ ಹಾಕಿದ್ದರೆ ಸಂಜೆ ಹೋಗಬೇಕು. ಬೈದು ಕಳಿಸಿದ್ದರೆ ಅವರ ಅತ್ತೆಗೆ ಬೇಕಾದವರನ್ನು ಕರೆದುಕೊಂಡು ಹೋಗಬೇಕು. ಪೋಲಿಯೊ ಹೋದದ್ದು ಹೀಗೆ. ಮುಂಡರಗಿಯ ಆ ಹುಡುಗಿಯ ಬಾಗಿಲಿಗೂ ‘ಎಕ್ಸ್’ ಬಿದ್ದಿದೆ. ಮರಳಿ ಹೋದವರು ಯಾರು?

ಧಾರವಾಡದ ತೆರಿಗೆದಾರ
ಕ್ಲಬ್ ಏಕೆ ಹೋಗಬೇಕು? ಕ್ಷಯ ರೋಗಿಯ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಆ ಹಣ ಸಮಯಕ್ಕೆ ಸರಿಯಾಗಿ ಸೇರಿದೆಯೇ, ಗುಳಿಗೆಯ ದಾಸ್ತಾನು ಇದೆಯೇ ಎಂದು ಜನರು ಕೇಳಬೇಕು. ದಾನಿಗಳು ಬೇಳೆ ಹಂಚುತ್ತಾ ಹೋದರೆ ಕೇಳುವ ಬಾಯಿಗಳೇ ಮುಚ್ಚಿಹೋಗುತ್ತವೆ.

ಮುಂಡರಗಿಯ ನಿವೃತ್ತ ಆರೋಗ್ಯ ಸಹಾಯಕಿ
ಕೇಳಲೇಬೇಕು ಸರ್, ನಾನೂ ಕೇಳಿದ್ದೇನೆ. ಆದರೆ ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ನಿಂತಾಗ ಹಸಿವು ಕಾಯುವುದಿಲ್ಲ. ಸರ್ಕಾರವೇ 2022ರ ಸೆಪ್ಟೆಂಬರ್‌ನಲ್ಲಿ ‘ನಿಕ್ಷಯ ಮಿತ್ರ’ ಎಂಬ ದಾರಿ ಮಾಡಿದೆ. ವ್ಯಕ್ತಿಯಾಗಲಿ ಸಂಘವಾಗಲಿ, ಒಪ್ಪಿಗೆ ಕೊಟ್ಟ ರೋಗಿಯ ಜೊತೆ ಕನಿಷ್ಠ ಆರು ತಿಂಗಳು ನಿಲ್ಲಬೇಕು. ಒಪ್ಪಿಗೆ ಮತ್ತು ಆರು ತಿಂಗಳು, ಈ ಎರಡು ಮಾತುಗಳನ್ನು ಶಾಮಿಯಾನದವರು ಮರೆತರು.

ವೈದ್ಯಕೀಯ ವಿದ್ಯಾರ್ಥಿ, ಹುಬ್ಬಳ್ಳಿ
ಆಹಾರವನ್ನು ದಾನ ಎಂದು ನೋಡುವುದೇ ತಪ್ಪು, ಅದು ಚಿಕಿತ್ಸೆಯ ಭಾಗ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ರೋಗಿಯ ಮನೆಯವರಿಗೆ ತಲಾ 5 ಕಿಲೊ ಅಕ್ಕಿ, ಒಂದೂವರೆ ಕಿಲೊ ಬೇಳೆಯನ್ನು ತಿಂಗಳು ತಿಂಗಳು ಕೊಟ್ಟಾಗ, ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಸುಮಾರು ಶೇಕಡಾ 40ರಷ್ಟು ಕಡಿಮೆಯಾಯಿತು. ಹಾಗಾಗಿ ಕಿಟ್ ರೋಗಿಯೊಬ್ಬನ ಹೊಟ್ಟೆಯ ಲೆಕ್ಕದಲ್ಲಿ ಇರಬಾರದು. ಒಂದು ಕಿಟ್ ಕೊಟ್ಟರೆ ತಾಯಿಯಾದವಳು ಅದನ್ನು ಆರು ಜನರಿಗೆ ಬಡಿಸಿಯೇ ಬಡಿಸುತ್ತಾಳೆ. ನಮ್ಮ ಕಡೆ ಅಕ್ಕಿಯ ಜೊತೆ ಜೋಳವನ್ನೂ ಕೊಡಿ, ರೊಟ್ಟಿ ಉಣ್ಣುವ ಬಾಯಿ ಇವು.

ಬೆಟಗೇರಿಯಲ್ಲಿ ಗುಣವಾದವನು
ನಾನು ಆ ಗುಳಿಗೆ ನುಂಗಿದವನು, ಅದಕ್ಕೆ ಹೇಳುತ್ತೇನೆ. ಮೊದಲ ದಿನ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿತು. ರಕ್ತ ಹೋಗುತ್ತಿದೆ ಎಂದು ಹೆದರಿ ಗುಳಿಗೆ ಎತ್ತಿಟ್ಟೆ. ಅದು ಔಷಧದ ಬಣ್ಣ ಎಂದು ತಿಳಿಸಿದವರು ಒಂದು ಕ್ಲಬ್‌ನ ಸದಸ್ಯರು, ವಿಮೆ ಏಜೆಂಟ್. ಅವರು ಪ್ರತಿ ಮಂಗಳವಾರ ಫೋನ್ ಮಾಡುತ್ತಿದ್ದರು. ‘ಉಂಡೆಯಾ? ನುಂಗಿದೆಯಾ?’ ಇಷ್ಟೇ ಮಾತು. ಎರಡು ತಿಂಗಳಿಗೆ ಕೆಮ್ಮು ನಿಂತಿತು. ನಾಲ್ಕು ಬಗೆಯ ಔಷಧ ಮೂರು ಬಗೆಗೆ ಇಳಿಯಿತು. ಮನೆಯಲ್ಲಿ ಸಾಲ ಇತ್ತು, ಗೋವಾಕ್ಕೆ ಗುಳೆ ಹೊರಟೆ. ಗುಣವಾಯಿತಲ್ಲ, ಇನ್ನೇಕೆ ಗುಳಿಗೆ ಎಂದುಕೊಂಡಿದ್ದೆ. ಆ ಅಣ್ಣ ಬಸ್ ನಿಲ್ದಾಣಕ್ಕೆ ಬಂದು, ಸರ್ಕಾರದ ಕ್ಷಯ ರೋಗಿಗಳ ದಾಖಲೆಯಲ್ಲಿರುವ ನನ್ನ ನಿಕ್ಷಯ ಸಂಖ್ಯೆ ಬರೆದ ಚೀಟಿಯನ್ನು ಜೇಬಿಗೆ ತುರುಕಿ, ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸು ಎಂದರು. ತೋರಿಸಿದೆ, ಗುಳಿಗೆ ಸಿಕ್ಕಿತು. ಹೊರಡುವಾಗ 41 ಕಿಲೊ ಇದ್ದವನು ಆರನೆಯ ತಿಂಗಳು 49 ಇದ್ದೆ. ಅವರ ಬಳಿ ನನ್ನ ಒಂದು ಫೋಟೊವೂ ಇಲ್ಲ.

ಹುಬ್ಬಳ್ಳಿಯ ಕ್ಲಬ್ ಸದಸ್ಯ
ಈ ಮಾತನ್ನು ಎರಡು ಸಲ ಓದಿದೆ. ನಿನ್ನೆ ನಮ್ಮ ಸಭೆಯಲ್ಲೂ ಓದಿ ಹೇಳಿದೆ. ಐವತ್ತು ಕಿಟ್‌ಗಳ ಒಂದು ದಿನದ ಕಾರ್ಯಕ್ರಮ ಬಿಟ್ಟು, ಎಂಟು ಮನೆಗಳನ್ನು ಆರು ತಿಂಗಳು ಹಿಡಿಯಲು ಒಪ್ಪಿದ್ದಾರೆ. ದಾನಿಗಳಿಗೆ ಕಿರಾಣಿ ಅಂಗಡಿಯ ಬಿಲ್ಲು ಮತ್ತು ರೋಗಿಗಳ ತೂಕದ ಲೆಕ್ಕವನ್ನು ಹೆಸರಿಲ್ಲದೆ ಕೊಡುತ್ತೇವೆ. ಇಬ್ಬರು ಸದಸ್ಯರು ಸಿಟ್ಟಾಗಿ ಎದ್ದು ಹೋದರು, ಹೋಗಲಿ. ಆ ಹುಡುಗಿ ಈಗ ಹೇಗಿದ್ದಾಳೆ ಅಕ್ಕಾವರೇ?

ಧಾರವಾಡದ ತೆರಿಗೆದಾರ
ಎಂಟು ಮನೆಗಳಿಗೆ ಹೋದಾಗ ಸರ್ಕಾರದ ಹಣ ಬಂದಿದೆಯೇ ಎಂದೂ ಕೇಳಿ ಬರೆದುಕೊಳ್ಳಿ. ಬಾರದಿದ್ದರೆ ಅರ್ಜಿ ನಾನು ಬರೆದುಕೊಡುತ್ತೇನೆ.

ಮುಂಡರಗಿಯ ನಿವೃತ್ತ ಆರೋಗ್ಯ ಸಹಾಯಕಿ
ಬರೆದುಕೊಡಿ ಸರ್, ಆಶಾ ಕಾರ್ಯಕರ್ತೆಯರಿಗೆ ದೊಡ್ಡ ಭಾರ ಇಳಿಯುತ್ತದೆ. ಆ ಹುಡುಗಿಯ ಮನೆಗೆ ಮೂರು ವಾರ ಎಡತಾಕಿ ಮತ್ತೆ ಗುಳಿಗೆ ಶುರು ಮಾಡಿಸಿದೆವು. ನಿಮ್ಮಲ್ಲಿ ಒಬ್ಬ ಹೆಣ್ಣುಮಗಳು ಇದ್ದರೆ ಅವರನ್ನೇ ಅವಳ ಮನೆಗೆ ಕಳಿಸಿ. ಬರುವ ಮೊದಲು ನನಗೆ ತಿಳಿಸಿ, ಒಪ್ಪುತ್ತಾಳೆಯೇ ಎಂದು ನಾನು ಕೇಳಿಡುತ್ತೇನೆ. ಮನೆ ತಾಂಡಾದ ಕೊನೆಯಲ್ಲಿದೆ. ಕಾರನ್ನು ರಸ್ತೆಯಲ್ಲೇ ಬಿಟ್ಟು, ಕಾಳುಕಡಿಯನ್ನು ಸಂತೆಯ ಚೀಲದಲ್ಲಿ ಹಾಕಿಕೊಂಡು ನಡೆದು ಬನ್ನಿ. ನೋಡಿದವರು ಬೀಗರು ಬಂದರು ಎಂದುಕೊಳ್ಳಲಿ.